ತೊಂದರೆ ಏನಿಲ್ಲ ಅಂದ್ರು

ಜನವರಿ 6
ಬಿಂದುಶ್ರೀ, ವಿಶಾಖಪಟ್ಟಣ (ಧ್ವನಿ ಸಂದೇಶ)

…ಅದೂ ಸಾಲದು ಅಂತ ಹೋಗುವಾಗ ಬಸ್ಸಿನ ಎಸಿ ನೀರು ಎಂವಿಪಿ ಕಾಲೋನಿಯಿಂದ ಪರವಾಡದ ಫ್ಯಾಕ್ಟರಿ ತಂಕ ನನ್ನ ನೆತ್ತಿ ಮೇಲೇ ಸುರೀತು ಚಿಕ್ಕಮ್ಮ. ಕಿಟಕಿ ಸೀಟು ಬೇಕು ಅಂತ ಓಡಿಹೋಗಿ ಹಿಡಿದಿದ್ದೆ, ಸರಿಯಾಗಿ ಅಭಿಷೇಕ ಆತು. ಶಿಫ್ಟಿಗೆ ಕಾಲಿಟ್ಟ ಕೂಡ್ಲೇ ಒಂದು ಬ್ಯಾಚಿನ ಮಾತ್ರೆ ಟೆಸ್ಟಲ್ಲಿ ಫೇಲು. ನೀನೇ ಏನೋ ತಪ್ಪು ಮಾಡಿದೀಯ ಅಂತ ಮತ್ತೆ ಮಾಡ್ಸಿದ್ರು. ಮತ್ತೂ ಫೇಲು. ಮಾತ್ರೇನೇ ಸರಿ ಇಲ್ಲ ಅಂದ್ರೆ ನಾನೇನು ಮಾಡ್ಲಿ? ನಮ್ಮ ಹಾರಿಕಾ ಐದಾಳಲ್ಲ, ನನ್ನ ಪಕ್ಕದ ಟೇಬಲ್ಲಿನವಳು, ಅವಳು ಮಾತ್ರ ನಗ್ತಾನೇ ಇದ್ಲು.

ಈಗ ಸೆಕೆಂಡ್ ಶಿಫ್ಟ್ ಮುಗಿಸಿ ಬಸ್ ಇಳಿದು ರೂಮಿಗೆ ನಡೀತಿದೀನಿ. ದಾರೀಲಿ ನಾಯಿ ಜಾಸ್ತಿ, ಯಾರ ಹತ್ರನಾದ್ರೂ ಮಾತಾಡ್ತಾ ಹೋದ್ರೆ ಅವು ಸುಮ್ಮನಿರ್ತವೆ. ಅದಕ್ಕೇ ನಿನ್ನ ತಲೆ ತಿಂತೀನಿ. ನಾಕು ತಿಂಗಳಾತು ಈ ಊರಿಗೆ ಬಂದು. ಹೈದರಾಬಾದಲ್ಲಿ ಒಂದು ಕಂಪನಿ ಕರೀತಾ ಐತೆ, ಹೋಗ್ಲೋ ಬ್ಯಾಡ್ವೋ ಗೊತ್ತಿಲ್ಲ. ಅಮ್ಮ ಅಂತೂ ಹರಿಹರದಿಂದ ದಿನಾ ಬೈತಾಳೆ, ಎರಡು ವರ್ಷಕ್ಕೆ ಮೂರು ಕೆಲಸ ಬಿಟ್ಟೋಳು ಗಂಡನ್ನ ಎಷ್ಟು ದಿನ ಇಟ್ಕೊತೀಯ ಅಂತ.

ಒಂದು ಒಳ್ಳೇ ಸುದ್ದಿ ಹೇಳ್ಲಾ? ನಂಗೆ ತೆಲುಗು ಬಂದೈತೆ! ಆಟೋದವನ ಹತ್ರ ಜಗಳ ಆಡಿ ಗೆದ್ದೆ ನಿನ್ನೆ. ನಿಂಗೆ ಮೂರು ವರ್ಷ ಹಿಡೀತು ಅಂತಿದ್ಯಲ್ಲ, ನಂಗೆ ನಾಕೇ ತಿಂಗಳು.

ಅಲ್ಲಾ, ಸಂಕ್ರಾಂತಿ ಹಬ್ಬಕ್ಕೆ ವಿಜಯವಾಡಕ್ಕೆ ಬಾ ಅಂತ ಈ ಸಲ ಯಾಕೆ ಕರೀಲಿಲ್ಲ ನೀನು? ಏನೋ ಮುಚ್ಚಿಡ್ತಿದೀಯ. ಹೇಳು.

ಜನವರಿ 8
ಪಂಕಜಾ, ವಿಜಯವಾಡ

ಚಿ. ಬಿಂದುಗೆ ಚಿಕ್ಕಮ್ಮನ ಆಶೀರ್ವಾದಗಳು.

ನಿನ್ನ ಮಾತನ್ನು ಕೋರ್ಟಿನಲ್ಲಿ ಊಟದ ಹೊತ್ತಿಗೆ ಫೋನು ಕಿವಿಗಿಟ್ಟುಕೊಂಡು ಕೇಳಿದೆ. ನಗು ತಡೆಯಲಾಗಲಿಲ್ಲ. ನಿನ್ನ ಹಾಗೆ ಮಾತಾಡಿ ಕಳಿಸುವುದು ನನಗಾಗದು. ಮನೆಯಲ್ಲಿ ಗೋಡೆ ತೆಳು, ಆಫೀಸಿನಲ್ಲಿ ಕಿವಿ ಜಾಸ್ತಿ. ಟೈಪ್ ಮಾಡುವುದೇ ನನ್ನ ಕೆಲಸವಾದ್ದರಿಂದ ಟೈಪ್ ಮಾಡಿಯೇ ಬರೆಯುತ್ತೇನೆ. ಕನ್ನಡ ತಪ್ಪಿದ್ದರೆ ನಗಬೇಡ. ಇಲ್ಲಿಂದ ನಾನು ಕನ್ನಡದಲ್ಲಿ ಬರೆಯುವುದು ನಿನಗೊಬ್ಬಳಿಗೇ.

ಮುಚ್ಚಿಟ್ಟಿದ್ದು ನಿಜ. ನಮ್ಮ ಬೆಟ್ಟದ ಓಣಿ ನಿನಗೆ ಗೊತ್ತಲ್ಲ, ನೀರು ಮೇಲಕ್ಕೆ ಹತ್ತುವುದಿಲ್ಲ, ಮೆಟ್ಟಿಲಿಗೆ ಹಿಡಿಯಲು ಕಂಬಿಯಿಲ್ಲ. ಹೋದ ಮಳೆಗಾಲದಲ್ಲಿ ಬಸುರಿ ಹುಡುಗಿಯೊಬ್ಬಳನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸುತ್ತಿದ್ದಾಗ ಹೊತ್ತವನ ಕಾಲು ಜಾರಿತು. ಹುಡುಗಿ ಬದುಕಿದಳು, ಮಗು ಉಳಿಯಲಿಲ್ಲ. ಈಗ ಕಾರ್ಪೊರೇಷನ್ ಚುನಾವಣೆ ಬಂದಿದೆ. ನಮ್ಮ ವಾರ್ಡು ಈ ಸಲ ಹೆಂಗಸರಿಗೆ ಮೀಸಲು. ಓಣಿಯ ಹೆಂಗಸರೆಲ್ಲ ಒಟ್ಟಾಗಿ ಬಂದು, ಇಷ್ಟು ವರ್ಷ ನಮ್ಮ ಅರ್ಜಿಗಳನ್ನೆಲ್ಲ ಬರೆದವಳು ನೀನು, ನೀನೇ ನಿಲ್ಲಬೇಕು ಎಂದರು. ಯಾವ ಪಕ್ಷವೂ ಅಲ್ಲ, ಸ್ವತಂತ್ರವಾಗಿ. ನಿನ್ನ ಚಿಕ್ಕಪ್ಪನಿಗೆ ಮನಸ್ಸಿಲ್ಲ. ನನಗಿದೆ.

ಕಷ್ಟವಿರುವುದು ಇಲ್ಲಿ. ಕೋರ್ಟಿನ ನೌಕರರು ಚುನಾವಣೆಗೆ ನಿಲ್ಲುವಂತಿಲ್ಲ, ಇದು ಎಲ್ಲರಿಗೂ ಗೊತ್ತು. ಆದರೆ ನಾನು ಹತ್ತೊಂಬತ್ತು ವರ್ಷದಿಂದ ಕಾಂಟ್ರಾಕ್ಟ್ ಟೈಪಿಸ್ಟ್. ಕಾಂಟ್ರಾಕ್ಟ್‌ನವರಿಗೆ ಆ ನಿಯಮ ತಗಲುವುದಿಲ್ಲ ಎಂದು ಕೆಲವರು ಹೇಳುತ್ತಾರೆ, ತಗಲುತ್ತದೆ ಎಂದು ಕೆಲವರು. ರಾಜೀನಾಮೆ ಕೊಟ್ಟುಬಿಡೋಣವೆಂದರೆ, ನಮ್ಮನ್ನೆಲ್ಲ ಪರ್ಮನೆಂಟ್ ಮಾಡುವ ಫೈಲು ಈಗಷ್ಟೇ ಹೊರಟಿದೆ. ಕೊಟ್ಟರೆ ಹತ್ತೊಂಬತ್ತು ವರ್ಷವೂ ನೀರಿಗೆ ಹೋದ ಹಾಗೆ. ಕೊಡಲೇಬೇಕೆಂದಿದ್ದರೆ ಮಾತ್ರ ಯೋಚಿಸುತ್ತೇನೆ.

ಆಫೀಸಿನಲ್ಲಿ ಕೇಳಿದರೆ ಕೇಳಿದ್ದೇ ಸುದ್ದಿಯಾಗುತ್ತದೆ. ನಿನ್ನ ಮನೆ ಮಾಲೀಕರು ದಕ್ಷಿಣಾಮೂರ್ತಿಗಾರು ಕೋರ್ಟಿನಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು ಎಂದಿದ್ದೆಯಲ್ಲ. ಅವರ ಕೈಕೆಳಗಿದ್ದವರು ಒಬ್ಬಿಬ್ಬರು ಈಗ ಇಲ್ಲಿಯೇ ಇದ್ದಾರೆ, ಹಾಗಾಗಿ ನಾನೇ ಫೋನು ಮಾಡಲಾರೆ. ಯಾರೋ ಸ್ನೇಹಿತೆಗಾಗಿ ಎಂದು ನೀನು ಕೇಳು. ನನ್ನ ಹೆಸರು, ಊರು ಬೇಡ. ನಾಮಪತ್ರಕ್ಕೆ ಇನ್ನೂ ಎರಡು ವಾರವಿದೆ.

ಇದನ್ನು ಅಕ್ಕನಿಗೆ ಹೇಳುವ ಅವಸರ ಇಲ್ಲ.

ಜನವರಿ 12
ಬಿಂದುಶ್ರೀ (ಧ್ವನಿ ಸಂದೇಶ)

ಚಿಕ್ಕಮ್ಮಾ! ಕಾರ್ಪೊರೇಟರ್ ಅಮ್ಮಾ! ನಂಗೆ ನಿನ್ನ ಕಾಗದ ಓದಿದಾಗಿಂದ ಕಾಲು ನೆಲದ ಮೇಲಿಲ್ಲ. ಅಮ್ಮಂಗೂ ಹೇಳ್ದೆ ನಿನ್ನೆ. ಅವಳು ಮೊದ್ಲು ಅಯ್ಯೋ ಅಂದ್ಲು, ಆಮೇಲೆ ನಮ್ಮ ಪಂಕಜಾ ಶಾಲೇಲೂ ಮಾನಿಟರ್ ಇದ್ಲು ಅಂದ್ಲು. ಈಗ ಅರ್ಧ ಹರಿಹರಕ್ಕೆ ಗೊತ್ತಾಗಿರ್ತೈತೆ.

ಸರಿ, ಮುಖ್ಯದ್ದು ಕೇಳು. ನಿನ್ನೆ ಭಾನುವಾರ ಅಲ್ವಾ, ಕೆಳಗೆ ಹೋದೆ. ದಕ್ಷಿಣಾಮೂರ್ತಿಗಾರು ಜಗಲೀಲಿ ಕೂತು ಸೊಳ್ಳೆ ಬ್ಯಾಟು ಬಿಚ್ಚಿ ರಿಪೇರಿ ಮಾಡ್ತಿದ್ರು. ನಾನು ತೆಲುಗಲ್ಲೇ ಕೇಳ್ದೆ, ಅಂಕಲ್, ನನ್ನ ಫ್ರೆಂಡ್ ಒಬ್ಬಳು ಕೋರ್ಟಲ್ಲಿ ಕಾಂಟ್ರಾಕ್ಟು, ಎಲೆಕ್ಷನ್ನಿಗೆ ನಿಲ್ಬೇಕಂತೆ, ರಾಜೀನಾಮೆ ಕೊಡ್ಬೇಕಾ ಅಂತ. ಅವರು ಬ್ಯಾಟು ಕೆಳಗಿಟ್ರು. ಎಷ್ಟು ಚೆನ್ನಾಗಿ ಹೇಳಿದ್ರು ಗೊತ್ತಾ, ಜಡ್ಜ್ ಥರ. ಈಗ್ಲೇ ರಾಜೀನಾಮೆ ಕೊಡೋದು ದುಡುಕು, ತೊಂದರೆ ಏನಿಲ್ಲ ಅಂದ್ರು. ನಾಮಿನೇಷನ್ ಎಲ್ಲ ಆಗ್ಲಿ, ಬೇಕಾದ್ರೆ ಮುಂದೆ ಕೊಟ್ರೆ ಸಾಕು ಅಂದ್ರು. ಆಮೇಲೂ ಬಹಳ ಹೊತ್ತು ಮಾತಾಡಿದ್ರು, ಗೋಡೆ ಮೇಲೆ ಮುಖ, ಗೋಡೆ ಮೇಲೆ ಮುಖ ಅಂತಿದ್ರು. ಪೋಸ್ಟರ್ ಚೆನ್ನಾಗಿ ಹಾಕಿಸ್ಬೇಕು ಅಂತ ಇರ್ಬೇಕು. ಅಷ್ಟರಲ್ಲಿ ಅವರ ಹೆಂಡ್ತಿ ಗಂಗಾಭವಾನಿ ಆಂಟಿ ಕಾಫಿ ತಂದ್ರು, ಬ್ಯಾಟಿಂದ ಚಟಾರ್ ಅಂತ ಕಿಡಿ ಹಾರ್ತು, ಆಂಟಿ ಅವರಿಗೆ ಬೈಯಕ್ಕೆ ಶುರು ಮಾಡಿದ್ರು. ನಾನು ಮೇಲಕ್ಕೆ ಓಡಿಬಂದೆ.

ನಿಂತ್ಕೊ ಚಿಕ್ಕಮ್ಮ. ಯೋಚ್ನೇನೇ ಮಾಡ್ಬೇಡ.

ಜನವರಿ 14
ಪಂಕಜಾ

ಚಿ. ಬಿಂದುಗೆ,

ಭೋಗಿಯ ದಿನ, ಒಲೆಯ ಮೇಲೆ ಪೊಂಗಲಿಟ್ಟು ಬರೆಯುತ್ತಿದ್ದೇನೆ. ಅಕ್ಕನಿಗೆ ಯಾಕೆ ಹೇಳಿದೆ? ಬೇಡ ಎಂದಿದ್ದೆನಲ್ಲ. ಬೆಳಿಗ್ಗೆಯಿಂದ ಊರಿನಿಂದ ನಾಲ್ಕು ಫೋನು ಬಂತು. ನಿನ್ನ ಚಿಕ್ಕಪ್ಪ, ನೀನು ನಿಲ್ಲುವುದು ಖಚಿತವೆಂದು ನನಗಿಂತ ಮೊದಲು ಕರ್ನಾಟಕಕ್ಕೆ ತಿಳಿಯಿತಲ್ಲ ಎಂದು ಹೇಳಿ ಎದ್ದು ಹೊರಗೆ ಹೋದರು.

ಇರಲಿ ಬಿಡು. ನೀನು ತಂದ ಉತ್ತರ ಕೇಳಿ ಎದೆಯ ಮೇಲಿನ ಕಲ್ಲು ಇಳಿಯಿತು. ಆದರೂ ಒಂದು ಮಾತು. ನಮ್ಮ ಕೋರ್ಟಿನಲ್ಲಿ ಸಾಕ್ಷಿ ತೆಲುಗಿನಲ್ಲಿ ಹೇಳುತ್ತಾನೆ, ಜಡ್ಜ್‌ಗಾರು ಅದನ್ನು ಇಂಗ್ಲಿಷಿನಲ್ಲಿ ಹೇಳಿ ಬರೆಸುತ್ತಾರೆ, ನಾನು ಟೈಪ್ ಮಾಡುತ್ತೇನೆ. ನನ್ನ ಕಿವಿಗೆ ಎರಡೂ ಬೀಳುತ್ತವೆ. ಒಮ್ಮೆ ಒಬ್ಬ ಮುದುಕಿ ‘ಅವನು ನನ್ನನ್ನು ನೋಡಿಕೊಳ್ಳಲಿಲ್ಲ’ ಎಂದಳು. ಅದು ‘ನನ್ನ ಕಡೆ ನೋಡಲಿಲ್ಲ’ ಎಂದು ಇಳಿಯಿತು. ಅವಳ ಜೀವನಾಂಶದ ಕೇಸು. ನಾನು ಎದ್ದು ನಿಂತು ಹೇಳಿದ ಮೇಲೆ ತಿದ್ದಿದರು.

ಅದಕ್ಕೇ ಕೇಳುತ್ತೇನೆ. ಅವರು ತೆಲುಗಿನಲ್ಲಿ ಅಂದದ್ದನ್ನು ಅಂದ ಹಾಗೆಯೇ ಬರೆದು ಕಳಿಸು. ಆಗುವುದಿಲ್ಲವೆಂದರೆ ಇನ್ನೊಮ್ಮೆ ಕೇಳು.

ಜನವರಿ 15
ಬಿಂದುಶ್ರೀ (ಧ್ವನಿ ಸಂದೇಶ)

ಬ್ಯಾಡ ಅಂತ ಎಲ್ಲಿ ಅಂದಿದ್ದೆ ನೀನು? ಅವಸರ ಇಲ್ಲ ಅಂತ ಬರೆದಿದ್ದೆ, ತೆಗೆದು ನೋಡು. ಅದಕ್ಕೇ ಅವತ್ತೇ ಹೇಳದೆ ಮೂರು ದಿನ ತಡಕೊಂಡು ಆರಾಮಾಗಿ ಭಾನುವಾರ ಹೇಳ್ದೆ. ಈಗ ಬೈತೀಯ.

ಇನ್ನು ಅಂಕಲ್ ಮಾತು, ಇದ್ದ ಹಂಗೇ ಹೇಳಿದೀನಿ ಚಿಕ್ಕಮ್ಮ, ಒಂದಕ್ಷರ ಆಕಡೆ ಈಕಡೆ ಇಲ್ಲ. ನಂಗೇನು ತೆಲುಗು ಬರಲ್ವಾ? ಇನ್ನೊಂದ್ಸಲ ಕೇಳಣ ಅಂದ್ರೆ ಅವರು ಹಬ್ಬಕ್ಕೆ ಮಗಳ ಮನೆಗೆ ಶ್ರೀಕಾಕುಳಕ್ಕೆ ಹೋಗಿದಾರೆ. ಬಂದ್ಮೇಲೆ ನೋಡಣ. ಹಿಂಗೆ ಒಂದೇ ಮಾತು ಎರಡೆರಡು ಸಲ ಕೇಳಿದ್ರೆ ಅವರಿಗೂ ಡೌಟ್ ಬರಲ್ವಾ, ಯಾರೀ ಫ್ರೆಂಡು ಅಂತ? ಕೋರ್ಟಲ್ಲಿ ಕೂತು ಕೂತು ನಿಂಗೆ ಎಲ್ಲರ ಮೇಲೂ ಅನುಮಾನ.

ಪೋಸ್ಟರಿಗೆ ಆ ನೀಲಿ ಸೀರೆ ಫೋಟೋ ಹಾಕು. ಕನ್ನಡಕ ತೆಗಿ. ಹಾಂ, ಹಬ್ಬದ ಶುಭಾಶಯ. ಇಲ್ಲಿ ನಂಗೆ ಎಳ್ಳು ಬೆಲ್ಲ ಕೊಡೋರು ಯಾರೂ ಇಲ್ಲ.

ಜನವರಿ 23
ಪಂಕಜಾ

ಚಿ. ಬಿಂದುಗೆ,

ಇವತ್ತು ನಾಮಪತ್ರ ಸಲ್ಲಿಸಿ ಬಂದೆ. ಒಂದು ದಿನ ರಜೆ ಹಾಕಿದ್ದೆ. ಓಣಿಯಿಂದ ಹೆಂಗಸರೆಲ್ಲ ನನ್ನ ಹಿಂದೆ ಮೆಟ್ಟಿಲಿಳಿದರು. ದುರ್ಗಾಂಬ ಅಂತ ಕೆಳಗಿನ ಮನೆಯವಳು, ಕಾಲು ನೋವಿನಿಂದ ಎರಡು ವರ್ಷ ಕೆಳಗಿಳಿದಿರಲಿಲ್ಲ, ಅವಳೂ ಸೊಸೆಯ ಭುಜ ಹಿಡಿದು ಬಂದಳು. ದೇವಿಯ ಗುಡಿಯಿರುವ ಇಂದ್ರಕೀಲಾದ್ರಿಯ ಕಡೆ ಕೈಮುಗಿದು ಆಟೋ ಹತ್ತಿದೆವು. ಚುನಾವಣಾಧಿಕಾರಿ ಮುಂದೆ ಪ್ರತಿಜ್ಞೆ ಓದುವಾಗ ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು. ಇಷ್ಟು ವರ್ಷ ಬೇರೆಯವರು ಹೇಳಿದ್ದನ್ನು ಬೆರಳಿನಲ್ಲಿ ಒತ್ತಿದ್ದೇ ಬಂತು.

ಸೋತರೆ ಕೆಲಸ ಇದ್ದೇ ಇದೆ. ಗೆದ್ದರೆ ಆಗ ರಾಜೀನಾಮೆ. ಹೀಗೆಂದು ನಿನ್ನ ಚಿಕ್ಕಪ್ಪನಿಗೂ ಹೇಳಿದ್ದೇನೆ. ಕೇಳಬೇಕಾದವರನ್ನು ಕೇಳಿದ್ದೀಯಾ ಎಂದರು. ಕೇಳಿದ್ದೇನೆ ಎಂದೆ. ಅವರು ಇವತ್ತು ಬರಲಿಲ್ಲ. ಕೊಂಡಪಲ್ಲಿಯ ಫ್ಯಾಕ್ಟರಿಯಲ್ಲಿ ಡ್ಯೂಟಿ ಇತ್ತು.

ದಕ್ಷಿಣಾಮೂರ್ತಿಗಾರಿಗೆ ನನ್ನ ಪರವಾಗಿ ಮನಸ್ಸಿನಲ್ಲೇ ಒಂದು ನಮಸ್ಕಾರ ಹೇಳು.

ಜನವರಿ 23
ಬಿಂದುಶ್ರೀ (ಧ್ವನಿ ಸಂದೇಶ)

ಕೂಗ್ಬೇಕು ಅನ್ನಿಸ್ತೈತೆ, ಆದ್ರೆ ನಾಯಿಗಳು ಎದ್ದುಬಿಡ್ತವೆ! ಫೋಟೋ ನೋಡ್ದೆ. ಹಾರಿಕಾಗೂ ತೋರಿಸ್ದೆ, ನಿಮ್ಮ ಪಿನ್ನಿ ಎಂಎಲ್‌ಎ ಥರ ಇದಾರೆ ಅಂದ್ಲು. ಪಿನ್ನಿ ಅಂದ್ರೆ ಚಿಕ್ಕಮ್ಮ, ನಿಂಗೆ ಗೊತ್ತಿರೋದೇ, ನಾನು ಶೋ ಆಫ್ ಮಾಡ್ತಿದೀನಿ. ಚಿಕ್ಕಪ್ಪ ಪಾಪ, ಇಂಥ ದಿನಾನೇ ಡ್ಯೂಟಿ ಹಾಕ್ತಾರೆ ನೋಡು. ಎಷ್ಟು ಬೇಜಾರು ಮಾಡ್ಕೊಂಡಿರ್ತಾರೋ.

ಹೈದರಾಬಾದಿಗೆ ಈಗ ಹೋಗಲ್ಲ. ನೀನು ಗೆಲ್ಲೋ ತಂಕ ಇಲ್ಲೇ ಇರ್ತೀನಿ. ಪ್ರಚಾರಕ್ಕೆ ರಜೆ ಹಾಕಿ ಬರ್ತೀನಿ, ತೆಲುಗಲ್ಲೇ ಭಾಷಣ ಮಾಡ್ತೀನಿ, ನೋಡ್ತಿರು.

ಜನವರಿ 27
ಪಂಕಜಾ

ಬಿಂದು,

ನಾಮಪತ್ರ ತಿರಸ್ಕಾರವಾಯಿತು. ಪರಿಶೀಲನೆಯ ಹೊತ್ತಿಗೆ ಎದುರಿನವರ ಲಾಯರು ಎದ್ದು ನಿಂತು, ಈಕೆ ಇವತ್ತಿಗೂ ಕೋರ್ಟಿನ ಕೆಲಸದಲ್ಲಿದ್ದಾಳೆ ಎಂದರು. ರಾಜೀನಾಮೆ ಕೊಟ್ಟಿದ್ದೀರಾ ಎಂದು ಅಧಿಕಾರಿ ಕೇಳಿದರು. ಇಲ್ಲ ಎಂದೆ. ಅಷ್ಟೇ.

ಸಂಜೆ ಆಫೀಸಿನಿಂದ ಕರೆಸಿದರು. ನೌಕರರ ನಡತೆ ನಿಯಮ ಕಾಂಟ್ರಾಕ್ಟ್‌ನವರಿಗೂ ಒಂದೇ, ಕಾಂಟ್ರಾಕ್ಟ್ ಮುಂದುವರಿಸುವುದಿಲ್ಲ ಎಂದರು. ಗದರಲಿಲ್ಲ. ಮರ್ಯಾದೆಯಿಂದ ಕುರ್ಚಿ ಕೊಟ್ಟು ಹೇಳಿದರು.

ನೀನು ಬರುವ ಅವಸರ ಇಲ್ಲ.

ಜನವರಿ 27
ಬಿಂದುಶ್ರೀ (ಧ್ವನಿ ಸಂದೇಶ)

ಆ ಮುದುಕ! ಆ ಮುದುಕ ಹಿಂಗೆ ಮಾಡ್ತಾನೆ ಅಂದ್ಕೊಂಡಿರ್ಲಿಲ್ಲ ಚಿಕ್ಕಮ್ಮ. ಜೀವಮಾನ ಎಲ್ಲ ಕೋರ್ಟಲ್ಲಿದ್ದು ಇಷ್ಟೂ ಗೊತ್ತಿಲ್ವಾ? ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ಬೇಕಿತ್ತು. ಜಡ್ಜ್ ಥರ ಪೋಸು ಕೊಟ್ಕೊಂಡು, ತೊಂದರೆ ಏನಿಲ್ಲಂತೆ, ತೊಂದರೆ! ಹತ್ತೊಂಬತ್ತು ವರ್ಷ ಹೋತಲ್ಲ ನಿಂದು.

ನಾನು ಇವತ್ತು ಅವರ ಗೇಟಲ್ಲಿ ಹೋಗಿಲ್ಲ, ಹಿಂದಿನ ಮೆಟ್ಟಿಲಲ್ಲಿ ಬಂದೆ. ಆಂಟಿ ಪುಳಿಹೋರ ಕಳಿಸಿದ್ರು, ವಾಪಸ್ ಕಳಿಸ್ದೆ. ಈ ಮನೇನೇ ಖಾಲಿ ಮಾಡ್ತೀನಿ. ನೀನು ಅವಸರ ಇಲ್ಲ ಅಂತೀಯ, ನಂಗಿದೆ ಅವಸರ. ಶನಿವಾರಾನೇ ಬರ್ತೀನಿ.

ಅಳ್ಬೇಡ. ಅಳ್ತಿದೀಯಾ? ನಾನಂತೂ ಅಳ್ತಿದೀನಿ, ನಾಯಿಗಳೆಲ್ಲ ನೋಡ್ತಾ ಐದಾವೆ.

ಜನವರಿ 30
ಪಂಕಜಾ

ಚಿ. ಬಿಂದುಗೆ,

ಶನಿವಾರ ಬರಬೇಡ. ನಿನ್ನನ್ನು ಕಂಡರೆ ನಾನು ಗಟ್ಟಿಯಾಗಿರಲಾರೆ. ಹಿರಿಯರ ಮೇಲೆ ಕೂಗಾಡಲೂಬೇಡ. ಊಟ ಕಳಿಸಿದ ಹೆಂಗಸಿಗೆ ಪಾತ್ರೆ ತಿರುಗಿಸಬಾರದಿತ್ತು.

ನಾನು ನಿನಗೆ ಬರೆಯದೇ ಬಿಟ್ಟದ್ದು ಒಂದಿದೆ. ನಾಮಪತ್ರ ಹಾಕಿದ ಮೇಲೆ ಸೋಮವಾರ ರಜೆ, ಮಂಗಳವಾರ ಬೆಳಿಗ್ಗೆ ಎಂದಿನಂತೆ ಕೋರ್ಟಿಗೆ ಹೋಗಿದ್ದೆ. ಪರಿಶೀಲನೆ ಇದ್ದದ್ದು ಮಧ್ಯಾಹ್ನ. ನಮ್ಮ ಓಣಿಯ ಪಕ್ಕದ ಒಂದು ಜಾಗದ ವ್ಯಾಜ್ಯವಿತ್ತು. ಈಶ್ವರಯ್ಯ ಎಂಬ ಮುದುಕ ಸಾಕ್ಷಿಗೆ ನಿಂತಿದ್ದ. ಪ್ರಮಾಣ ಮಾಡಿದವನು ನನ್ನನ್ನೇ ನೋಡುತ್ತಿದ್ದ. ಆಮೇಲೆ ಜಡ್ಜ್‌ಗಾರಿಗೆ ಕೈಮುಗಿದು, ಅಯ್ಯಾ, ಆ ಅಮ್ಮನ ಫೋಟೋ ನಮ್ಮ ಗೋಡೆಯ ಮೇಲಿದೆ, ನನ್ನ ಎದುರಾಳಿಗಳು ಆಕೆಗೇ ಓಟು ಹಾಕುವವರು, ನಾನು ಹೇಳಿದ್ದನ್ನು ಆಕೆ ಇದ್ದ ಹಾಗೇ ಬರೆಯುತ್ತಾಳಾ ಎಂದು ಕೇಳಿದ. ಇಡೀ ಕೋರ್ಟು ನನ್ನ ಕಡೆ ತಿರುಗಿತು. ಜಡ್ಜ್‌ಗಾರು ಬೇರೆ ಟೈಪಿಸ್ಟನ್ನು ಕರೆಸಿದರು. ನಾನು ಎದ್ದು ಜಾಗ ಬಿಟ್ಟೆ.

ಕೆಲಸ ಹೋದದ್ದು ಸಂಜೆ. ಆದರೆ ನನಗೆ ಅದು ಹೋದದ್ದು ಬೆಳಿಗ್ಗೆಯೇ. ಅವನ ಮಾತಿನಲ್ಲಿ ತಪ್ಪೇನಿತ್ತು? ಅವನ ಜಾಗದಲ್ಲಿ ನಾನಿದ್ದರೆ ನಾನೂ ಹಾಗೇ ಕೇಳುತ್ತಿದ್ದೆ. ನಿಯಮವನ್ನು ಯಾಕೆ ಮಾಡಿದ್ದಾರೆಂದು ಅವತ್ತು ತಿಳಿಯಿತು.

ನಿನ್ನ ಚಿಕ್ಕಪ್ಪ ಬೈದಿದ್ದರೆ ಚೆನ್ನಾಗಿತ್ತು. ಊಟಕ್ಕೆ ಕೂರುತ್ತಾರೆ, ಏಳುತ್ತಾರೆ. ಬಂದ ನೆಂಟರ ಮುಂದೆ ಮಾತ್ರ, ಕೋರ್ಟಿನಲ್ಲೇ ಕೂತವಳಿಗೆ ಕೋರ್ಟಿನ ನಿಯಮ ತಿಳಿಯಲಿಲ್ಲ, ಕೇಳಿದ್ದೇನೆ ಎಂದು ನನಗೂ ಸುಳ್ಳು ಹೇಳಿದಳು ಎಂದರು. ನಾನು ಯಾರನ್ನು ಕೇಳಿದೆ ಎಂದು ಹೇಳಲಿಲ್ಲ. ಹೇಳಿದರೆ ನಿನ್ನ ಹೆಸರು ಬರುತ್ತದೆ.

ಕೋಪ ಇಳಿದ ಮೇಲೆ ದಕ್ಷಿಣಾಮೂರ್ತಿಗಾರನ್ನು ಒಂದು ಸಲ ಕೇಳು. ಜಗಳಕ್ಕಲ್ಲ. ಅವರು ಅವತ್ತು ಏನಂದಿದ್ದರು ಎಂದು ಅವರ ಮಾತಿನಲ್ಲೇ ನನಗೆ ಬೇಕು.

ಫೆಬ್ರವರಿ 9
ಬಿಂದುಶ್ರೀ (ಧ್ವನಿ ಸಂದೇಶ)

ಚಿಕ್ಕಮ್ಮ, ನಾನು. ಹತ್ತು ದಿನ ಆತು, ಗೊತ್ತು. ಶಿಫ್ಟ್ ಜಾಸ್ತಿ ಐತೆ ಅಂತ ಅಮ್ಮನ ಹತ್ರ ಹೇಳಿ ಕಳಿಸಿದ್ದು ಸುಳ್ಳು. ಮೂರು ಸಲ ರೆಕಾರ್ಡ್ ಮಾಡಿ ಡಿಲೀಟ್ ಮಾಡಿದೀನಿ. ಇದನ್ನ ಮಾಡಲ್ಲ.

ನೀನು ಹೇಳಿದ್ದಕ್ಕೆ ಕೆಳಗೆ ಹೋದೆ. ಜಗಳಕ್ಕೇ ಹೋದೆ, ಸುಳ್ಳು ಯಾಕೆ ಹೇಳ್ಲಿ. ಅಂಕಲ್, ನಿಮ್ಮ ಮಾತು ಕೇಳಿ ನನ್ನ ಫ್ರೆಂಡಿನ ಕೆಲಸ ಹೋತು ಅಂದೆ. ಅವರು ಕನ್ನಡಕ ತೆಗೆದು ನನ್ನೇ ನೋಡಿದ್ರು. ಅವತ್ತು ಹೇಳಿದ್ದನ್ನೇ ಮತ್ತೆ ಹೇಳಿದ್ರು, ಅದೇ ಮಾತು, ಅದೇ ಥರ. ಈಗ ನಾನು ಅವರ ಮಾತಲ್ಲೇ ಹೇಳ್ತೀನಿ, ನೀನು ಕೇಳಿದ್ಯಲ್ಲ: ‘ರಾಜೀನಾಮಾ ಅವಸರಂ ಅಮ್ಮಾ. ತೊಂದರೇಂ ಲೇದು. ನಾಮಿನೇಷನ್‌ಕಿ ಮುಂದು ಇಸ್ತೇ ಚಾಲು.’

ನಿಂಗೆ ಈಗ್ಲೇ ಗೊತ್ತಾಗಿರ್ತೈತೆ. ನಂಗೆ ಅವಾಗ್ಲೂ ಗೊತ್ತಾಗ್ಲಿಲ್ಲ. ಅದನ್ನೇ ತಾನೆ ನಾನೂ ಹೇಳಿದ್ದು ಅಂತ ಕೂಗ್ದೆ. ಗಂಗಾಭವಾನಿ ಆಂಟಿ ಒಳಗಿಂದ ಬಂದು ನನ್ನ ಕೂರಿಸ್ಕೊಂಡು ಇಂಗ್ಲಿಷ್ ಬೆರೆಸಿ ಒಂದೊಂದೇ ಮಾತು ಕೇಳಿದ್ರು. ಅವಸರಂ ಅಂದ್ರೆ ನೀನೇನು ತಿಳ್ಕೊಂಡೆ ಅಂದ್ರು. ಗಡಿಬಿಡಿ ಅಂದೆ. ಅಲ್ಲಮ್ಮ, ಬೇಕೇ ಬೇಕು ಅಂತ, ಅಂದ್ರು. ತೊಂದರ ಅಂದ್ರೆ? ಕಷ್ಟ ಅಂದೆ. ಅಲ್ಲಮ್ಮ, ಅದು ಗಡಿಬಿಡಿ. ಮುಂದು ಅಂದ್ರೆ? ಆಮ್ಯಾಲೆ ಅಂದೆ. ಅವರು ತಲೆ ಆಡಿಸಿದ್ರು. ಮುಂದು ಅಂದ್ರೆ ಮೊದ್ಲು ಅಂತೆ ಚಿಕ್ಕಮ್ಮ. ಮೊದ್ಲು!

ರಾಜೀನಾಮೆ ಬೇಕೇ ಬೇಕು, ಗಡಿಬಿಡಿ ಏನಿಲ್ಲ, ನಾಮಿನೇಷನ್ನಿಗೆ ಮೊದ್ಲು ಕೊಟ್ರೆ ಸಾಕು. ಇಷ್ಟೇ ಅವರು ಹೇಳಿದ್ದು. ಮೂರೂ ಮಾತು ನಮ್ಮ ಕನ್ನಡದ್ದೇ ಅಂದ್ಕೊಂಡು ನಾನು ಮೂರನ್ನೂ ಉಲ್ಟಾ ಮಾಡಿ ನಿನ್ನ ಕೈಗೆ ಕೊಟ್ಟೆ. ಗೋಡೆ ಮೇಲೆ ಮುಖ ಅಂದಿದ್ದು ಪೋಸ್ಟರ್ ಬಗ್ಗೆನೇ, ಆದ್ರೆ ಚೆನ್ನಾಗಿ ಹಾಕಿಸಿ ಅಂತಲ್ಲ. ಕೇಸು ಸೋತೋನು ಗೋಡೆ ಮೇಲೆ ಆ ಮುಖ ನೋಡಿದ್ರೆ ಕೋರ್ಟನ್ನ ನಂಬ್ತಾನಾ ಅಂತ ಕೇಳಿದ್ರಂತೆ. ಕೋರ್ಟಲ್ಲಿ ನಿನ್ನ ಆ ಸಾಕ್ಷಿ ಮುದುಕ ಕೇಳಿದ್ದೇ ಮಾತು. ಇವರು ಎರಡು ವಾರ ಮೊದ್ಲೇ ಹೇಳಿದ್ರು.

ನಂಗೆ ತೆಲುಗು ಬರಲ್ಲ ಚಿಕ್ಕಮ್ಮ. ಆಟೋದವನ ಹತ್ರ ಜಗಳ ಗೆದ್ದೆ ಅಂದಿದ್ದೂ ಸುಳ್ಳು, ಹಾರಿಕಾ ಪಕ್ಕದಲ್ಲಿ ನಿಂತು ಆಡಿದ್ದು. ಅವತ್ತು ನೀನು ಇದ್ದ ಹಂಗೇ ಬರೀ ಅಂದಾಗ ಬರೆದಿದ್ರೆ ಒಂದು ನಿಮಿಷಕ್ಕೆ ಹಿಡಿದುಬಿಡ್ತಿದ್ದೆ ನೀನು. ನಾನು ಬರೀಲಿಲ್ಲ. ನೀನು ನನ್ನನ್ನ ನಂಬ್ತಿಲ್ಲ ಅಂತ ಸಿಟ್ಟು ಬಂದಿತ್ತು.

ಕೆಲಸ ಉಳಿಸ್ಕೊಳ್ಳೋದೋ, ಎಲೆಕ್ಷನ್ನಿಗೆ ನಿಲ್ಲೋದೋ ಅಂತ ನೀನು ಆರಿಸ್ಕೊತಿದ್ದೆ. ಒಂದಾದ್ರೂ ಉಳೀತಿತ್ತು. ಎರಡೂ ನಾನು ಕಳೆದೆ. ಯಾವುದು ಆರಿಸ್ತಿದ್ದೆ ನೀನು? ಬ್ಯಾಡ, ಹೇಳ್ಬೇಡ.

ಫೆಬ್ರವರಿ 12
ಪಂಕಜಾ

ಚಿ. ಬಿಂದುಗೆ,

ಮೂರು ದಿನ ಬರೆಯಲು ಕೈ ಬರಲಿಲ್ಲ. ಸಿಟ್ಟು ಬಂತು. ಬರಲಿಲ್ಲ ಎಂದರೆ ನೀನು ನಂಬುವುದಿಲ್ಲ. ನಿನ್ನ ಮಾತು ಕೇಳುತ್ತಿದ್ದಂತೆ ಫೋನನ್ನು ಹಾಸಿಗೆಯ ಮೇಲೆ ಎಸೆದೆ. ಆಮೇಲೆ ನಗು ಬಂತು, ಆಮೇಲೆ ಮತ್ತೆ ಸಿಟ್ಟು.

ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮತ್ತೆ ಒಂದು ದಿನ ಅಡುಗೆಮನೆಗೆ ಬಂದು ‘ತೊಂದರಗಾ ಉಂದಾ’ ಎಂದು ಕೇಳಿದ್ದರು. ಏನು, ಅವಸರದಲ್ಲಿದ್ದೀಯಾ ಎಂದು ಅವರು ಕೇಳಿದ್ದು. ನಾನು, ಇಲ್ಲತ್ತೆ, ನನಗಿಲ್ಲಿ ಯಾವ ತೊಂದರೆಯೂ ಇಲ್ಲ, ನೀವೆಲ್ಲ ಚೆನ್ನಾಗಿ ನೋಡಿಕೊಳ್ಳುತ್ತೀರಿ ಎಂದು ಕಣ್ಣೀರು ಹಾಕಿದ್ದೆ. ಆ ಕತೆಯನ್ನು ಈ ಮನೆಯಲ್ಲಿ ಇಪ್ಪತ್ತು ವರ್ಷ ನಗುತ್ತ ಹೇಳಿದ್ದಾರೆ. ಈ ಗುಂಡಿ ಎಲ್ಲಿದೆಯೆಂದು ನನಗೆ ಗೊತ್ತಿತ್ತು ಬಿಂದು. ಅಕ್ಕನಿಗೆ ಹೇಳುವ ಅವಸರ ಇಲ್ಲ ಎಂದು ನಾನು ಬರೆದು, ಅವಸರ ಇಲ್ಲ ಎಂದಿದ್ದೆಯಲ್ಲ ಎಂದು ನೀನು ವಾದಿಸಿದೆಯಲ್ಲ, ಆಗಲೇ ತಿಳಿಯಬೇಕಿತ್ತು. ನನ್ನ ಕನ್ನಡದೊಳಗೆ ತೆಲುಗು ಎಷ್ಟು ಸೇರಿಹೋಗಿದೆಯೆಂದರೆ ನನಗೆ ಅದು ಕಾಣಲೇ ಇಲ್ಲ.

ಇನ್ನೂ ಒಂದಿದೆ. ಇದ್ದ ಹಾಗೇ ಬರೆ ಎಂದು ಒಂದು ಸಲ ಕೇಳಿದೆ. ಎರಡನೆಯ ಸಲ ಯಾಕೆ ಕೇಳಲಿಲ್ಲ? ನೀನು ತಂದ ಉತ್ತರವೇ ನನಗೆ ಬೇಕಾಗಿತ್ತು. ಮುದುಕಿಯ ಸಾಕ್ಷಿಗೆ ಎದ್ದು ನಿಂತವಳು ನನ್ನ ಸರದಿ ಬಂದಾಗ ಕೂತೇ ಇದ್ದೆ.

ಯಾವುದನ್ನು ಆರಿಸುತ್ತಿದ್ದೆ ಎಂದು ಕೇಳಿ, ಹೇಳಬೇಡ ಎಂದಿದ್ದೀಯ. ಹೇಳಲು ನನಗೂ ಗೊತ್ತಿಲ್ಲ. ರಾತ್ರಿ ಒಂದು, ಬೆಳಿಗ್ಗೆ ಇನ್ನೊಂದು. ಪರ್ಮನೆಂಟ್ ಫೈಲು ಮೇಲಕ್ಕೆ ಹೋಯಿತಂತೆ, ನನ್ನ ಹೆಸರು ತೆಗೆದು. ದುರ್ಗಾಂಬ ಈಗ ಸೊಸೆಯ ಭುಜ ಹಿಡಿದೇ ಓಣಿಯಲ್ಲಿ ಇನ್ನೊಬ್ಬ ಅಭ್ಯರ್ಥಿಯ ಕರಪತ್ರ ಹಂಚುತ್ತಿದ್ದಾಳೆ. ನನ್ನ ಮನೆಯ ಬಾಗಿಲು ಬಂದಾಗ ತಲೆ ತಗ್ಗಿಸಿ ಮುಂದೆ ಹೋಗುತ್ತಾಳೆ. ಆ ಅಭ್ಯರ್ಥಿ ಕಂಬಿ ಹಾಕಿಸುತ್ತೇನೆ ಎಂದಿದ್ದಾಳೆ. ಹಾಕಿಸಲಿ.

ನಿನ್ನ ಚಿಕ್ಕಪ್ಪನಿಗೆ ಇದನ್ನು ಹೇಳಬೇಡ. ಅವರು ನಿನ್ನನ್ನು ಮಗಳ ಹಾಗೆ ನೋಡುತ್ತಾರೆ, ಅದೊಂದಾದರೂ ಉಳಿಯಲಿ. ಹೇಳುವ ಅವಸರ ಇಲ್ಲ ಎಂದು ಬರೆಯಲು ಹೋಗಿ ಅಳಿಸಿದೆ. ಬೇಡ. ಹೇಳಬೇಡ. ನಾನೇ ನಿಯಮ ತಪ್ಪಾಗಿ ಓದಿಕೊಂಡೆ ಎಂದುಕೊಂಡಿದ್ದಾರೆ, ಹಾಗೇ ಇರಲಿ.

ಫೆಬ್ರವರಿ 14
ಬಿಂದುಶ್ರೀ (ಧ್ವನಿ ಸಂದೇಶ)

ಕೇಳ್ದೆ. ಓದ್ದೆ ಅನ್ಬೇಕು. ಎರಡು ಸಲ ಓದ್ದೆ. ಈ ಸಲ ನಿನ್ನ ಮಾತು ಸರಿಯಾಗೇ ಅರ್ಥ ಆಗೈತೆ ಚಿಕ್ಕಮ್ಮ. ಅರ್ಥ ಆಗಿಯೂ ಕೇಳಲ್ಲ.

ಚಿಕ್ಕಪ್ಪ ನೀನು ಸುಳ್ಳು ಹೇಳ್ದೆ ಅಂದ್ಕೊಂಡು ಊಟಕ್ಕೆ ಕೂತು ಎದ್ದು ಹೋಗ್ತಾರೆ ಅಂತ ಬರೀತೀಯ. ಅದನ್ನ ಓದಿ ನಾನು ಇಲ್ಲಿ ಪುಳಿಹೋರ ತಿಂತಾ ಕೂರ್ಲಾ? ನನ್ನ ಮಗಳ ಥರ ನೋಡ್ತಾರಲ್ಲ, ಹಂಗಾದ್ರೆ ಮಗಳಿಗೆ ಬೈದಂಗೆ ಬೈಲಿ. ನಿನ್ನ ಕೆಲಸ ನಾನು ವಾಪಸ್ ತರಕ್ಕಾಗಲ್ಲ. ವಾರ್ಡೂ ತರಕ್ಕಾಗಲ್ಲ. ನೀನು ಕೇಳಿದ್ದೆ, ಕೇಳಬೇಕಾದವರನ್ನೇ ಕೇಳಿದ್ದೆ, ಅಷ್ಟನ್ನ ಹೇಳ್ಬೋದು.

ಚಿಕ್ಕಪ್ಪಂಗೆ ಕನ್ನಡ ಬರಲ್ಲ, ನೀನು ನಡುವೆ ನಿಂತು ಹೇಳಿದ್ರೆ ನನ್ನ ಉಳಿಸೋಕೆ ಏನಾದ್ರೂ ಸೇರಿಸ್ತೀಯ. ಅದಕ್ಕೆ ತೆಲುಗಲ್ಲೇ ಹೇಳ್ತೀನಿ. ಆಂಟಿ ಹತ್ರ ಕೂತು ಕಲ್ತೆ, ಒಂದೊಂದು ಮಾತಿಗೂ ಅರ್ಥ ಕೇಳಿ. ‘ತಪ್ಪು ನಾದಿ ಬಾಬಾಯ್, ಪಿನ್ನಿದಿ ಕಾದು.’ ತಪ್ಪು ನಂದು ಚಿಕ್ಕಪ್ಪ, ಚಿಕ್ಕಮ್ಮಂದಲ್ಲ. ಸರಿ ಐತಾ? ಮುಂದಿನದು ಬರೋ ಅಷ್ಟು ಹೇಳ್ತೀನಿ, ಬರದೆ ಇದ್ರೆ ಸುಮ್ಮನೆ ಲೈನಲ್ಲಿರ್ತೀನಿ, ಅವರು ಬೈದು ಮುಗಿಸೋ ತಂಕ.

ನಾಳೆ ಭಾನುವಾರ, ಚಿಕ್ಕಪ್ಪಂಗೆ ಡ್ಯೂಟಿ ಇಲ್ಲ. ಬೆಳಗ್ಗೆ ಒಂಬತ್ತು ಗಂಟೆಗೆ ಫೋನ್ ಮಾಡ್ತೀನಿ. ನೀನು ಎತ್ತು, ಏನೂ ಹೇಳದೆ ಅವರ ಕೈಗೆ ಕೊಡು. ಒಂಬತ್ತಕ್ಕೆ.